‘ಕಾರ್ಡ್ ಹೋಗಿದೆ, ಬಿಸಿ ಮಾಡಿದರೆ ಸರಿಹೋಗುತ್ತೆ’ ಅಂದರೆ ಕಂಪ್ಯೂಟರನ್ನು ಅಲ್ಲಿ ಬಿಟ್ಟು ಬರಬೇಡಿ

ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ಕ್ರೀನ್ ಕಪ್ಪಾಗುತ್ತದೆ, ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ ಅಂತ ರಿಪೇರಿಗೆ ಕೊಟ್ಟರೆ ‘ಗ್ರಾಫಿಕ್ಸ್ ಕಾರ್ಡ್ (ಸ್ಕ್ರೀನಿಗೆ ಚಿತ್ರ ಕೊಡುವ ಕಾರ್ಡ್) ಹೋಗಿದೆ’ ಅನ್ನುವ ಉತ್ತರ ಬಹಳ ಬೇಗ ಬರುತ್ತದೆ. ನಮಗೂ ಅದೇ ಬಂತು. ನಿಜವಾಗಿ ಕೆಟ್ಟಿದ್ದು ಕಂಪ್ಯೂಟರಿನ ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್. ಆದರೆ ಚೆನ್ನಾಗಿದ್ದ ಕಾರ್ಡನ್ನು ರಿಪೇರಿಯ ಹೆಸರಿನಲ್ಲಿ ಹಾಳು ಮಾಡಿ ಕೊಟ್ಟರು.

ನಡೆದದ್ದು ಹೀಗೆ. ಮಗಳು ಅದೇ ಕಂಪ್ಯೂಟರಿನಲ್ಲಿ 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಕಲಿಯುತ್ತಿದ್ದಳು. ಟೈಪಿಂಗ್, ಬ್ರೌಸಿಂಗ್, ವಿಡಿಯೋ ಯಾವುದಕ್ಕೂ ತೊಂದರೆ ಇರಲಿಲ್ಲ. ರೆಂಡರ್‌ಗೆ (ಮಾಡಿದ ದೃಶ್ಯವನ್ನು ಪೂರ್ತಿ ಚಿತ್ರವಾಗಿಸುವ ಭಾರದ ಕೆಲಸ) ಹಾಕಿದರೆ ಮಾತ್ರ ಸ್ವಲ್ಪ ಹೊತ್ತಿನಲ್ಲಿ ಸ್ಕ್ರೀನ್ ಕಪ್ಪು, ಆಮೇಲೆ ರೀಸ್ಟಾರ್ಟ್. ಸ್ಕ್ರೀನಿನ ಮೇಲೆ ಗೆರೆ, ಚುಕ್ಕೆ, ಬಣ್ಣಗೆಡುವುದು ಒಂದೂ ಇರಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ರಿಪೇರಿಯವರು ಕಾರ್ಡ್ ತೆಗೆದರು, ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗೆ ಹಾಕಿ ಆನ್ ಮಾಡಿದರು. “ನೋಡಿ ಮೇಡಂ, ಕಾರ್ಡ್ ಇಲ್ಲದೆ ಆರಾಮಾಗಿ ಓಡ್ತಿದೆ. ಚಿಪ್‌ನ ಬೆಸುಗೆ ಬಿಟ್ಟಿದೆ, ರೀಬಾಲ್ ಮಾಡಿಕೊಡ್ತೀನಿ” ಅಂದರು. ಎಸ್‌ಎಂಪಿಎಸ್ ಏನಾದರೂ ಇರಬಹುದಾ ಅಂತ ನಾನು ಕೇಳಿದೆ. “ಅದು ಹೋಗಿದ್ರೆ ಕಂಪ್ಯೂಟರ್ ಆನ್ ಆಗೋದೇ ಇಲ್ಲ” ಅಂತ ಅಲ್ಲಿಗೇ ಮುಗಿಸಿದರು.

ಬಿಸಿ ಮಾಡಿಸಿಕೊಂಡು ಕಾರ್ಡ್ ವಾಪಸ್ ಬಂತು. ರೆಂಡರ್‌ಗೆ ಹಾಕಿದರೆ ಮತ್ತೆ ಅದೇ ಕಪ್ಪು ಸ್ಕ್ರೀನ್. ಕೆಲವು ದಿನ ಕಳೆದ ಮೇಲೆ ಹೊಸ ರೋಗವೂ ಸೇರಿತು. ಆನ್ ಮಾಡಿದ ಕೂಡಲೇ, ವಿಂಡೋಸ್ ಬರುವ ಮೊದಲೇ, ಲೋಗೋ ಮೇಲೆಲ್ಲ ಅಡ್ಡಗೆರೆಗಳು. ಅವರನ್ನೇ ಕೇಳಿದರೆ “ಕಾರ್ಡಿನ ಆಯಸ್ಸು ಮುಗಿದಿದೆ, ಹೊಸದು ಹಾಕಿಸಿ” ಅಂದರು. ಹೊಸ ಕಾರ್ಡ್ ಹಾಕಿಸಿದೆವು. ಗೆರೆ ಹೋಯಿತು. ಆದರೆ ರೆಂಡರ್ ಶುರು ಮಾಡಿದ ಕೂಡಲೇ ಮತ್ತೆ ಕಪ್ಪು! ಕೊನೆಗೆ ಭಾವ ತಮ್ಮ ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದ ಎಸ್‌ಎಂಪಿಎಸ್ ಬಿಚ್ಚಿ ತಂದು ಹಾಕಿದರು. ಅವತ್ತು ರಾತ್ರಿಯೆಲ್ಲಾ ರೆಂಡರ್ ಓಡಿತು. ಒಂದು ಸಲವೂ ನಿಲ್ಲಲಿಲ್ಲ.

‘ಹೋಗಿದ್ರೆ ಆನ್ ಆಗೋದೇ ಇಲ್ಲ’ ಅನ್ನುವುದು ಪೂರ್ತಿ ತಪ್ಪು ಮಾತು. ಎಸ್‌ಎಂಪಿಎಸ್ ಒಂದೇ ಏಟಿಗೆ ಸಾಯಲೇಬೇಕು ಅಂತ ಇಲ್ಲ. ಅದರೊಳಗೆ ಕರೆಂಟನ್ನು ಸಮವಾಗಿಡುವ ಕೆಪಾಸಿಟರ್‌ಗಳು ವರ್ಷಗಟ್ಟಲೆ ಬಿಸಿಯಲ್ಲಿದ್ದು ಸೊರಗುತ್ತಾ ಬರುತ್ತವೆ. ಹಗುರ ಕೆಲಸಕ್ಕೆ ಸಾಕಾಗುವಷ್ಟು ಕೊಡುತ್ತದೆ, ಭಾರ ಬಿದ್ದಾಗ ಕೈಕೊಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಎಳೆಯುವ ಕರೆಂಟ್ ಕಡಿಮೆಯೇನಲ್ಲ. ಕಾರ್ಡ್ ಕೂರುವ ಸ್ಲಾಟಿನಿಂದಲೇ 75 ವ್ಯಾಟ್ ತನಕ, 6 ಪಿನ್ ಕನೆಕ್ಟರಿನಿಂದ ಇನ್ನೊಂದು 75, 8 ಪಿನ್ ಆದರೆ 150. ಇದರ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಏರಿ ಇಳಿಯುವ ಎಳೆತ ಬೇರೆ. 12 ವೋಲ್ಟಿನ ಲೈನ್ 11.4ರಿಂದ 12.6ರ ಒಳಗೇ ಇರಬೇಕು. ಅದಕ್ಕಿಂತ ಕೆಳಗೆ ಕುಸಿದರೆ ಕಾರ್ಡ್ ಎಷ್ಟೇ ಚೆನ್ನಾಗಿದ್ದರೂ ಏನು ಮಾಡಲಾಗುತ್ತದೆ?

ಕಾರ್ಡ್ ತೆಗೆದು ತೋರಿಸಿದ ಆ ‘ಪರೀಕ್ಷೆ’ ಇದೆಯಲ್ಲ, ನನಗೆ ಈಗಲೂ ಸಿಟ್ಟು ಬರುವುದು ಅದರ ಮೇಲೆ. ಕಾರ್ಡ್ ತೆಗೆದರೆ ಎಸ್‌ಎಂಪಿಎಸ್ ಮೇಲಿನ ಭಾರವೂ ಹೋಯಿತು ಅಲ್ವಾ? ಈ ಎರಡರಲ್ಲಿ ಯಾವುದು ಕೆಟ್ಟಿದ್ದರೂ ಕಂಪ್ಯೂಟರ್ ಆರಾಮಾಗಿಯೇ ಓಡುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಮಾಡಬೇಕಿದ್ದುದು ಎರಡರಲ್ಲಿ ಒಂದು. ಕಾರ್ಡನ್ನು ಚೆನ್ನಾಗಿರುವ ಬೇರೆ ಕಂಪ್ಯೂಟರಿಗೆ ಹಾಕಿ ಭಾರದ ಕೆಲಸ ಕೊಟ್ಟು ನೋಡುವುದು. ಇಲ್ಲವೇ ಇದೇ ಕಂಪ್ಯೂಟರಿಗೆ ಚೆನ್ನಾಗಿರುವ ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದು. ರಿಪೇರಿ ಮಾಡುವವರ ಹತ್ತಿರ ಇವೆರಡೂ ಇದ್ದೇ ಇರುತ್ತವೆ. ‘ನನ್ನ ಎದುರಿಗೇ ಹಾಕಿ ತೋರಿಸಿ’ ಅಂತ ಕೇಳಿ. ತೋರಿಸಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಮನೆಯಲ್ಲೇ ಎಸ್‌ಎಂಪಿಎಸ್ ಬದಲಿಸಿ ನೋಡುವವರಿಗೆ ಒಂದು ಮಾತು. ಕೇಬಲ್ ಬಿಚ್ಚಿ ತೆಗೆಯುವಂಥ ಮಾದರಿಯಾದರೆ ಹಳೆಯದರ ಕೇಬಲ್ಲುಗಳನ್ನು ಹೊಸದಕ್ಕೆ ಸಿಕ್ಕಿಸಲೇಬೇಡಿ. ಸಾಕೆಟ್ ಒಂದೇ ಥರ ಕಂಡರೂ ಒಳಗಿನ ವೈರಿನ ಜೋಡಣೆ ಬೇರೆ ಇರಬಹುದು, ಡಿಸ್ಕು, ಮದರ್‌ಬೋರ್ಡು ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ತೆರೆಯಲೇಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ, ಪ್ರಾಣಕ್ಕೇ ಅಪಾಯ.

ಇನ್ನು ಈ ಬಿಸಿ ಮಾಡುವ ವಿಷಯ. ನಿಜವಾದ ರೀಬಾಲಿಂಗ್ ಅಂದರೆ ಚಿಪ್ಪನ್ನು ಬೋರ್ಡಿನಿಂದ ಬಿಡಿಸಿ, ಹಳೆಯ ಬೆಸುಗೆಯನ್ನೆಲ್ಲ ತೆಗೆದು, ಹೊಸ ಗುಂಡುಗಳನ್ನು ಕೂರಿಸಿ, ಅಳತೆಯ ಬಿಸಿಯಲ್ಲಿ ಮತ್ತೆ ಜೋಡಿಸುವುದು. ಅದಕ್ಕೆ ಮೆಷಿನ್ ಬೇಕು, ಪಳಗಿದ ಕೈ ಬೇಕು. ಆ ಹೆಸರು ಹೇಳಿ ಬಹಳ ಕಡೆ ಮಾಡುವುದು ಹೀಟ್ ಗನ್ ಹಿಡಿಯುವುದನ್ನು ಮಾತ್ರ. ಯುರೋಪಿನಲ್ಲಿ 2006ರ ಜುಲೈಯಿಂದ ಸೀಸದ ಬೆಸುಗೆಗೆ ಕಡಿವಾಣ ಬಿದ್ದ ಮೇಲೆ ಇಂಥ ಬೋರ್ಡುಗಳಲ್ಲಿ ಸೀಸವಿಲ್ಲದ ಬೆಸುಗೆಯೇ ಸಾಮಾನ್ಯವಾಯಿತು. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಅಷ್ಟು ಮುಟ್ಟದಿದ್ದರೆ ಬೆಸುಗೆ ಕರಗುವುದೇ ಇಲ್ಲ. ಅಳತೆಯಿಲ್ಲದೆ ಮುಟ್ಟಿಸಿದರೆ ಪಕ್ಕದ ಮೆಮೊರಿ ಚಿಪ್ಪು, ಕೆಪಾಸಿಟರ್ ಎಲ್ಲಕ್ಕೂ ಏಟು. ಎಷ್ಟೋ ಸಲ ದೋಷ ಇರುವುದು ಬೋರ್ಡಿನ ಬೆಸುಗೆಯಲ್ಲಿ ಅಲ್ಲವೇ ಅಲ್ಲ, ಚಿಪ್ಪಿನ ಒಳಗಿನ ಸಣ್ಣ ಜೋಡಣೆಯಲ್ಲಿ. 2008ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಒಳಗಿನ ಪ್ಯಾಕೇಜಿಂಗ್ ವಸ್ತುವೇ ದುರ್ಬಲವಾಗಿತ್ತು ಅಂತ ಒಪ್ಪಿಕೊಂಡು ಅದರ ಖರ್ಚಿಗೆ ಹಣ ತೆಗೆದಿಟ್ಟಿತ್ತು. ಅಂಥ ಚಿಪ್ಪನ್ನು ಬಿಸಿ ಮಾಡಿದರೆ ಬಿಟ್ಟ ಜಾಗ ಒಂದಿಷ್ಟು ದಿನ ಕೂಡಿಕೊಳ್ಳುತ್ತದೆ, ಮತ್ತೆ ಬಿಡುತ್ತದೆ. ಅಷ್ಟು ದಿನದಲ್ಲಿ ನೀವು ದುಡ್ಡು ಕೊಟ್ಟು ಆಗಿರುತ್ತದೆ. ಅಡುಗೆ ಓವನ್ನಿನಲ್ಲಿ ಕಾರ್ಡ್ ಇಟ್ಟು ಬಿಸಿ ಮಾಡುವ ವಿಡಿಯೋಗಳನ್ನು ನಂಬಬೇಡಿ. ಆ ಹೊಗೆ ವಿಷ, ಆಮೇಲೆ ಅದೇ ಓವನ್ನಿನಲ್ಲಿ ಊಟಕ್ಕೆ ಮಾಡುವುದಾದರೂ ಹೇಗೆ?

ಹಾಗಾದರೆ ಕಾರ್ಡ್ ನಿಜವಾಗಿ ಕೆಟ್ಟರೆ ಹೇಗೆ ಗೊತ್ತಾಗುತ್ತದೆ? ನಮ್ಮ ಹಳೆಯ ಕಾರ್ಡ್ ಈಗ ಅದನ್ನೇ ತೋರಿಸುತ್ತಿದೆ. ವಿಂಡೋಸ್ ಶುರುವಾಗುವ ಮೊದಲೇ, ಆನ್ ಮಾಡಿದ ಕೂಡಲೇ ಮದರ್‌ಬೋರ್ಡ್ ತೋರಿಸುವ ಬಯಾಸ್ ಸ್ಕ್ರೀನಿನಲ್ಲೇ ಗೆರೆ, ಚೌಕ, ಕಸ ಅಕ್ಷರ ಕಂಡರೆ ಡ್ರೈವರಿನ (ವಿಂಡೋಸಿನಲ್ಲಿ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ತಪ್ಪಲ್ಲ. ಆಗ ಮೊದಲು ಕೇಬಲ್ ಬದಲಿಸಿ, ಬೇರೆ ಮಾನಿಟರ್ ಹಾಕಿ ನೋಡಿ. ಗೆರೆ ವಿಂಡೋಸ್ ಒಳಗೆ ಕಂಡರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ತೆರೆಯಿರಿ. ಚಿತ್ರದಲ್ಲೂ ಗೆರೆ ಇದ್ದರೆ ಮಾನಿಟರು, ಕೇಬಲ್ಲಿನ ತಪ್ಪಲ್ಲ, ಅನುಮಾನ ಕಾರ್ಡಿನ ಕಡೆಗೋ ಡ್ರೈವರಿನ ಕಡೆಗೋ ಹೋಗುತ್ತದೆ. ಚಿತ್ರ ಶುದ್ಧವಾಗಿದ್ದರೆ ಕೇಬಲ್ಲು, ಮಾನಿಟರು ಅಥವಾ ಕಾರ್ಡಿನ ಪೋರ್ಟು ನೋಡಬೇಕು. ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ (ಕಾರ್ಡಿನ ವೇಗ ಹೊಂದಿಸುವ ಸಾಫ್ಟ್‌ವೇರ್) ಮೆಮೊರಿ ಕ್ಲಾಕ್, ಅಂದರೆ ಮೆಮೊರಿಯ ವೇಗ, ಸ್ವಲ್ಪ ಇಳಿಸಿದಾಗ ಗೆರೆ ಕಡಿಮೆಯಾದರೆ ಕಾರ್ಡಿನ ಮೆಮೊರಿಯೇ ಸೋತಿರುವ ಸಾಧ್ಯತೆ ಜಾಸ್ತಿ.

ಏನೇನಾಯಿತು ಅಂತ ವಿಂಡೋಸ್ ಬರೆದಿಟ್ಟಿದ್ದನ್ನು ತೋರಿಸುವ ಈವೆಂಟ್ ವ್ಯೂಯರ್ ಕೂಡ ನೋಡಿ, ಆದರೆ ಅದರ ಮೇಲೇ ತೀರ್ಪು ಕೊಡಬೇಡಿ. ಕರ್ನಲ್-ಪವರ್ 41 ಅಂತ ಇದ್ದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಅಂತ ಅಷ್ಟೇ ಅರ್ಥ. 4101 ಇದ್ದರೆ ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡದೆ ನಿಂತು ಮತ್ತೆ ಎದ್ದಿದೆ ಅಂತ. ನಮ್ಮದರಲ್ಲಿ ಇದ್ದದ್ದು ಬರೀ 41. ಯಾರಾದರೂ ತೆರೆದು ನೋಡಿದ್ದರೆ ಎಸ್‌ಎಂಪಿಎಸ್ ಮೇಲೆ ಒಂದು ಅನುಮಾನವಾದರೂ ಬರುತ್ತಿತ್ತು.

ಧೂಳು ತೆಗೆಯುವುದು, ಫ್ಯಾನ್ ತಿರುಗುತ್ತಿದೆಯಾ ನೋಡುವುದು, ಕಾರ್ಡ್ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸುವುದು, ಇವೆಲ್ಲ ಎಲ್ಲಕ್ಕಿಂತ ಮೊದಲು. ಶಾಖ ಎಷ್ಟು ಏರುತ್ತದೆ ಅಂತ ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್ ತೋರಿಸುತ್ತದೆ. ಫರ್‌ಮಾರ್ಕ್‌ನಂಥ ಕಠಿಣ ಪರೀಕ್ಷೆಯನ್ನು ಹಳೆಯ ಕಾರ್ಡಿಗೆ ಸುಮ್ನೆ ಓಡಿಸಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಪಕ್ಕದಲ್ಲೇ ಕೂತು ನೋಡಿ.

ರಿಪೇರಿಗೆ ಕೊಡಲೇಬೇಕಾದರೆ ಕಾರ್ಡಿನ ಎರಡೂ ಬದಿಯ ಫೋಟೋ, ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ‘ನನ್ನನ್ನು ಕೇಳದೆ ಬಿಸಿ ಮಾಡಬಾರದು’ ಅಂತ ರಸೀದಿಯಲ್ಲೇ ಬರೆಸಿ. ಹೊಸ ಕಾರ್ಡ್ ಕೊಳ್ಳಿ ಅಂದರೆ ಅದಕ್ಕೆ ಎಷ್ಟು ವ್ಯಾಟ್ ಬೇಕು, ನಿಮ್ಮ ಎಸ್‌ಎಂಪಿಎಸ್ ಎಷ್ಟು ವರ್ಷದ್ದು, ನಿಮ್ಮ ಮದರ್‌ಬೋರ್ಡಿನ ಬಯಾಸ್ ಅದನ್ನು ಒಪ್ಪುತ್ತದಾ ಅಂತ ಮೊದಲೇ ವಿಚಾರಿಸಿ. ತೀರಾ ಹಳೆಯ ಬೋರ್ಡುಗಳಲ್ಲಿ ಹೊಸ ಕಾರ್ಡ್ ಸ್ಲಾಟಿನಲ್ಲಿ ಕೂತರೂ ಸ್ಕ್ರೀನಿನಲ್ಲಿ ಏನೂ ಬರದೇ ಇರಬಹುದು, ಆಗ ಅದನ್ನೂ ‘ಕೆಟ್ಟ ಕಾರ್ಡ್’ ಅಂತ ವಾಪಸ್ ಕೊಡುವವರಿದ್ದಾರೆ.