ನೆಟ್ಟಗಿದ್ದ ನಾಲ್ಕು ಹಲ್ಲು ಕೀಳಿಸಿಕೊಂಡೆ

ನನಗೆ 33 ವರ್ಷ. ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ವಯಸ್ಸಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡೆ ಅಂತ ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ ಬಿಡಿ. ಮೇಲಿನ ಎರಡು ಕೋರೆ ಹಲ್ಲು ಅಟ್ಟ ಹತ್ತಿ ಕೂತಿದ್ದವು. ಮುಂದಿನ ಹಲ್ಲು ಉಬ್ಬಿ, ತುಟಿ ಮುಚ್ಚಲು ಬಿಡುತ್ತಿರಲಿಲ್ಲ. ಫೋಟೋಗೆ ನಿಲ್ಲುವುದೇ ಕಸರತ್ತು.

ಒಂದು ವರ್ಷ ಎರಡು ತಿಂಗಳಿಂದ ಇಲ್ಲಿಯದೇ ಒಂದು ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ. ಹೊಗಳುವುದಿದೆ, ಬೈಯುವುದೂ ಇದೆ, ಅದಕ್ಕೇ ಹೆಸರು ಬರೆಯುತ್ತಿಲ್ಲ.

ಮೊದಲ ದಿನವೇ ಕ್ಲಿಪ್ ಡಾಕ್ಟರು, "ನಾಲ್ಕು ಹಲ್ಲು ತೆಗೀಬೇಕಾಗುತ್ತೆ ಮೇಡಂ" ಅಂದರು. ಸೊಟ್ಟಗಿರುವ ಕೋರೆ ಹಲ್ಲನ್ನೇ ಕೀಳುತ್ತಾರೆ ಅಂದುಕೊಂಡೆ. ಅವರು ತೋರಿಸಿದ್ದು ಅದರ ಹಿಂದಿನದ್ದನ್ನು. ಹುಳುಕಿಲ್ಲ, ನೋವಿಲ್ಲ, ನೆಟ್ಟಗೆ ನಿಂತ ಹಲ್ಲು. ತಪ್ಪು ಮಾಡಿದವನನ್ನು ಬಿಟ್ಟು ಪಕ್ಕದಲ್ಲಿ ಸುಮ್ನೆ ಕೂತವನಿಗೆ ಬಾರಿಸಿದ ಹಾಗಾಯಿತಲ್ವಾ? ಇದನ್ನು ಕೇಳಿಯೂಬಿಟ್ಟೆ.

ಈ ಕ್ಲಿನಿಕ್ಕು ನನಗೆ ಇಷ್ಟವಾಗಿದ್ದು ಆಮೇಲಿನ ಇಪ್ಪತ್ತು ನಿಮಿಷದಲ್ಲಿ. ಕೋರೆ ಹಲ್ಲಿನ ಬೇರು ಬಲು ಉದ್ದ, ಬಾಯಿಯ ಮೂಲೆಗೆ ಅದೇ ಕಂಬ, ಅದನ್ನು ಉಳಿಸಿಕೊಳ್ಳಬೇಕು ಅಂದರು. ಅದರ ಹಿಂದೆ ಒಂದೇ ತರದ ಎರಡು ಸಣ್ಣ ದವಡೆ ಹಲ್ಲು ಇರುತ್ತವೆ. ಮೊದಲನೆಯದನ್ನು ತೆಗೆದರೆ ಅದರ ಕೆಲಸವನ್ನು ಎರಡನೆಯದು ನೋಡಿಕೊಳ್ಳುತ್ತದೆ. ಆಮೇಲೆ ನನ್ನ ಬಾಯಿಯ ಪ್ಲಾಸ್ಟರ್ ಅಚ್ಚು ತಂದರು. ಹಿತ್ತಾಳೆ ತಂತಿಯನ್ನು ಸಾಲಿನುದ್ದಕ್ಕೂ ಬಾಗಿಸಿ, ಇರುವ ಜಾಗ ಎಷ್ಟು ಅಂತ ಅಳೆದರು. ಒಂದೊಂದೇ ಹಲ್ಲಿನ ಅಗಲ ಅಳೆದು ಕೂಡಿಸಿ, ಬೇಕಾದ ಜಾಗ ಎಷ್ಟು ಅಂತ ಬರೆದರು. ಕಳೆದರೆ ಮೇಲಿನ ಸಾಲಿನಲ್ಲಿ 5 ಮಿ.ಮೀ. ಕೊರತೆ. ಮುಂದಿನ ಹಲ್ಲು 4 ಮಿ.ಮೀ. ಹಿಂದಕ್ಕೆ ಹೋಗಬೇಕು, ಎರಡೂ ಕಡೆ ಸೇರಿ 8. ಒಟ್ಟು 13. ಕೀಳುವ ಹಲ್ಲು ಒಂದೊಂದೂ ಸುಮಾರು 7 ಮಿ.ಮೀ. ಅಗಲ, ಎರಡಕ್ಕೆ 14. ಉಳಿದ ಒಂದು ಮಿ.ಮೀ. ಹಿಂದಿನ ದವಡೆ ಹಲ್ಲು ಮುಂದೆ ಜಾರಿ ತುಂಬುತ್ತದಂತೆ. ಅದಕ್ಕಿಂತ ಜಾಸ್ತಿ ಜಾರದಿರಲಿ ಅಂತ ವಸಡಿನ ಮೂಲಕ ಮೂಳೆಗೆ ಎರಡು ಪುಟ್ಟ ಸ್ಕ್ರೂ. ಮೇಲೆ ಕೆಳಗೆ ಕಚ್ಚು ಹೊಂದಬೇಕು, ಹಾಗಾಗಿ ಕೆಳಗಿನವೂ ಎರಡು. ಲೆಕ್ಕ ತಾಳೆಯಾದ ಮೇಲೆ ನನಗೆ ಬೇರೆ ಮಾತೇ ಬೇಕಿರಲಿಲ್ಲ.

ಅವ್ವನಿಗೆ ಮಾತ್ರ ಈ ಲೆಕ್ಕ ಹಿಡಿಸಲಿಲ್ಲ. "ಮೇಲಿನ ಹಲ್ಲು ಕೀಳಿಸಬೇಡ, ಕಣ್ಣು ಹೋಗ್ತಾವೆ" ಅಂತ ಎರಡು ದಿನ ಹಿಡಿದಳು. ಹಲ್ಲಿನ ನರ ಬೇರೆ, ನೋಟದ ನರ ಬೇರೆ ಅಂತ ಡಾಕ್ಟರ ಬಾಯಿಂದಲೇ ಫೋನಿನಲ್ಲಿ ಹೇಳಿಸಬೇಕಾಯಿತು.

ಕೀಳಲು ಬಂದವರು ಬೇರೆ ಸರ್ಜನ್. ಒಂದು ವಾರ ಬಲಗಡೆ ಎರಡು, ಮುಂದಿನ ವಾರ ಎಡಗಡೆ ಎರಡು, ಅಗಿಯಲು ಒಂದು ಕಡೆಯಾದರೂ ಉಳಿಯಲಿ ಅಂತ. ಇಂಜೆಕ್ಷನ್ ಚುಚ್ಚಿದ್ದೇ ನೋವು, ಅದರಲ್ಲೂ ಅಂಗುಳಿನಲ್ಲಿ ಕಣ್ಣೀರು ಬಂತು. ಆಮೇಲೆ ಬರೀ ಒತ್ತಡ. ತಲೆಯೊಳಗೆ ಯಾರೋ ಹಳೇ ಬಾಗಿಲು ಅಲ್ಲಾಡಿಸಿದ ಸದ್ದು. ಮೇಲಿನದಕ್ಕೆ ಎರಡು ಸಪೂರ ಬೇರು. ಒಂದರ ತುದಿ ಮುರಿಯಿತು. ಸರ್ಜನ್ ಮುಚ್ಚಿಡಲಿಲ್ಲ. "ತುದಿ ಉಳೀತು ಮೇಡಂ, ಐದು ನಿಮಿಷ" ಅಂತ ಹೇಳಿ, ತೆಗೆದು ತೋರಿಸಿದರು. ಸ್ಟೀಲ್ ಟ್ರೇಯಲ್ಲಿ ಬಿದ್ದಿದ್ದ ಹಲ್ಲುಗಳನ್ನು ನೋಡಿದೆ. ಹೊರಗೆ ಕಾಣುತ್ತಿದ್ದದ್ದು ಅರ್ಧಕ್ಕಿಂತ ಕಡಿಮೆ, ಉಳಿದದ್ದೆಲ್ಲ ಹಳದಿ ಬೇರು. ಹಾಲು ಹಲ್ಲು ಬಿದ್ದಾಗ ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆದು ಹೊಸದು ಬೇಡುತ್ತಿದ್ದೆವು. ಇವುಗಳ ಜಾಗದಲ್ಲಿ ಇನ್ನು ಹೊಸದು ಬರುವುದಿಲ್ಲ. ಸ್ವಲ್ಪ ಹೊತ್ತು ಬೇಜಾರಾಯಿತು.

ಮುಕ್ಕಾಲು ಗಂಟೆ ಗಾಜ್ ಬಟ್ಟೆ ಕಚ್ಚಿಕೊಂಡಿರಿ, ಉಗುಳಬೇಡಿ, ಸ್ಟ್ರಾ ಹಾಕಿ ಕುಡಿಯಬೇಡಿ, ಬಿಸಿ ಬೇಡ ಅಂದರು. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಮೂಳೆ ಬರಿದಾಗಿ ತಡೆಯಲಾರದ ನೋವು ಬರುತ್ತದಂತೆ. ಇಷ್ಟೆಲ್ಲ ಚೆನ್ನಾಗಿ ಹೇಳಿದವರು ಊಟದ ಬಗ್ಗೆ "ಮೆತ್ತಗಿನದು ತಿನ್ನಿ" ಅಂತ ಮುಗಿಸಿದರು. ದಾವಣಗೆರೆಯಲ್ಲಿದ್ದು ಇದೊಂದು ಸಾಲು ಸಾಕಾ? ಬೆಣ್ಣೆ ದೋಸೆಯ ನಡುವಿನ ಮೆತ್ತನೆ ಭಾಗ ನುಂಗಿ, ಗರಿ ಅಂಚನ್ನು ತಮ್ಮನಿಗೆ ಕೊಟ್ಟೆ. ಹತ್ತನೇ ದಿನ ಆಸೆ ತಡೆಯದೆ ಖಾರ ಮಂಡಕ್ಕಿ ತಿಂದೆ. ಒಂದು ಮಂಡಕ್ಕಿ ಹೋಗಿ ಕುಳಿಯಲ್ಲೇ ಕೂತಿತು. ಉಪ್ಪುನೀರು ಮುಕ್ಕಳಿಸಿ ಮುಕ್ಕಳಿಸಿ ಹೊರಗೆ ಬರುವಷ್ಟರಲ್ಲಿ ರಾತ್ರಿ ಹನ್ನೊಂದು.

ಈಗ ಬೈಗುಳ. ಕ್ಲಿಪ್‌ಗೆ 48,000 ರೂಪಾಯಿ ಅಂದಿದ್ದರು, ಕಂತಿನಲ್ಲಿ. ಕೀಳುವುದಕ್ಕೆ ಹಲ್ಲಿಗೆ 1,000 ಬೇರೆ ಅಂತ ಗೊತ್ತಾಗಿದ್ದು ಬಾಯಿ ಮರಗಟ್ಟಿ ಕೌಂಟರ್ ಮುಂದೆ ನಿಂತಾಗ. ಜಗಳಾಡೋಣವೆಂದರೆ ನಾಲಗೆ ಹೊರಳದು! ಎರಡನೆಯದು, ಕ್ಲಿಪ್ ಡಾಕ್ಟರು ಬರುವುದು ತಿಂಗಳಲ್ಲಿ ಎರಡು ಭಾನುವಾರ ಮಾತ್ರ. ಒಂದು ಮಂಗಳವಾರ ಕ್ಲಾಸಿನಲ್ಲಿದ್ದಾಗ ತಂತಿಯ ತುದಿ ಕೆನ್ನೆಗೆ ಚುಚ್ಚಿ ಹುಣ್ಣಾಯಿತು. ಫೋನ್ ಮಾಡಿದರೆ ಭಾನುವಾರ ಬನ್ನಿ ಅಂದರು. ತುದಿಗೆ ಹಚ್ಚುವ ಮೇಣ ಅಂತ ಒಂದಿದೆ, ಪುಟ್ಟ ಡಬ್ಬಿ. ಅದನ್ನು ಮೊದಲ ದಿನವೇ ಕೈಗೆ ಕೊಡಬಹುದಿತ್ತು. ಎರಡು ಸಲ ಅವರು ಬರುವುದೇ ರದ್ದಾಯಿತು. ನಮಗೆ ತಿಳಿಸಿದವರಿಲ್ಲ.

ಹಲ್ಲು ಕಿತ್ತ ಜಾಗದ ಸಂದು ಎಷ್ಟು ಮುಚ್ಚಿತು ಅಂತ ಪಟ್ಟಿ ಹಿಡಿದು ನಾನೇ ಅಳೆಯುತ್ತಿರುತ್ತೇನೆ. ಹಲ್ಲುಗಳನ್ನು ಹತ್ತಿರ ಎಳೆಯುವ ರಬ್ಬರ್ ಚೈನ್ ಹಾಕಿದ ತಿಂಗಳು ಹೆಚ್ಚುಕಡಿಮೆ ಒಂದು ಮಿ.ಮೀ. ಮುಚ್ಚುತ್ತದೆ, ಅವರು ಬಾರದ ತಿಂಗಳು ಏನೂ ಇಲ್ಲ. ಈಗ ಬಲಗಡೆ 2 ಮಿ.ಮೀ. ಉಳಿದಿದೆ, ಎಡಗಡೆ ಅದಕ್ಕಿಂತ ಒಂಚೂರು ಜಾಸ್ತಿ. ಕೋರೆ ಹಲ್ಲು ಅಟ್ಟದಿಂದ ಇಳಿದು ಸಾಲಿಗೆ ಬಂದಿವೆ. ತುಟಿ ತಾನಾಗೇ ಮುಚ್ಚುತ್ತದೆ.

ಮುಂದಿನ ಭಾನುವಾರ ಮತ್ತೆ ಚೈನ್ ಬದಲಾಯಿಸುವುದಿದೆ. ಡಾಕ್ಟರು ಬಂದು ಕೂತಿದ್ದಾರಾ ಅಂತ ಫೋನ್ ಮಾಡಿ ಕೇಳಿಯೇ ಮನೆ ಬಿಡುವುದು.