ಥೀಮ್ ಪಾರ್ಕ್ ಪ್ರವಾಸಕ್ಕೆ ಪ್ಲಾನಿಂಗ್ ಫೀ: ಎಲ್ಲಿಗೆ ಕೊಡಬಹುದು, ಎಲ್ಲಿಗೆ ದಂಡ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ, ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಾಗಲಿ ಟ್ರಾವೆಲ್ಸ್ ಆಫೀಸಿಗೆ ಹೋಗಿ ‘ಮಕ್ಕಳನ್ನು ಕರ್ಕೊಂಡು ವಂಡರ್‌ಲಾಗೆ ಹೋಗ್ಬೇಕು’ ಎಂದರೆ ಸಿಗುವ ಮೊದಲ ಮಾತು ಒಂದೇ: ‘ಎಷ್ಟ್ ಜನ ಸಾರ್, ಇನ್ನೋವಾನೋ ಟಿಟಿನೋ?’ ಗಾಡಿ ಬಾಡಿಗೆಗೆ ಅದು ಸರಿಯಾದ ಪ್ರಶ್ನೆ. ಪ್ಲಾನ್ ಮಾಡಿಕೊಡುತ್ತೇವೆಂದು ಬೇರೆ ದುಡ್ಡು ಕೇಳುವವರು ಮೊದಲು ಕೇಳಬೇಕಾದದ್ದು ಮಕ್ಕಳ ಎತ್ತರ. ವಯಸ್ಸಲ್ಲ, ಎತ್ತರ, ಅದೂ ಸೆಂಟಿಮೀಟರ್ ಲೆಕ್ಕದಲ್ಲಿ. ರೇಟು ಹೇಳುವ ಮುಂಚೆ ಇದನ್ನು ಕೇಳದವರು ಮಾರುತ್ತಿರುವುದು ಗಾಡಿ ಮತ್ತು ಟಿಕೆಟ್ ಅಷ್ಟೇ.

ಎತ್ತರಕ್ಕೆ ಇಷ್ಟು ಬೆಲೆ ಯಾಕೆಂದರೆ, ಟಿಕೆಟ್ ದರವೂ ಅದರ ಮೇಲೆ, ರೈಡ್ ಹತ್ತುವುದೂ ಅದರ ಮೇಲೆ. ನಮ್ಮ ಸಾರಿಗೆ ಬಸ್ಸಿನಲ್ಲಿ ಆರರಿಂದ ಹನ್ನೆರಡು ವರ್ಷದವರೆಗೆ ಅರ್ಧ ಟಿಕೆಟ್. ಅದೇ ಅಭ್ಯಾಸದಲ್ಲಿ ಏಜೆಂಟರು ‘ಎರಡು ಫುಲ್, ಎರಡು ಹಾಫ್’ ಎಂದು ಬರೆದುಕೊಳ್ಳುತ್ತಾರೆ. ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಇಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರ ಟಿಕೆಟ್. ಹನ್ನೊಂದು ವರ್ಷಕ್ಕೇ ಎತ್ತರ ಬೆಳೆದ ಹುಡುಗನಿಗೆ ‘ಹಾಫ್’ ಬರೆಸಿದರೆ ಗೇಟಿನಲ್ಲಿ ವ್ಯತ್ಯಾಸದ ಹಣ ಕಟ್ಟಬೇಕು. ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಟಿಕೆಟ್‌ಗೆ ವಯಸ್ಸಿನ ಲೆಕ್ಕ, 4ರಿಂದ 12 ಮಕ್ಕಳ ದರ. ರೈಡಿಗೆ ಮಾತ್ರ ಎತ್ತರ. ಅಮೆರಿಕದ ಒರ್ಲ್ಯಾಂಡೊದಲ್ಲಿರುವ ಡಿಸ್ನಿ ವರ್ಲ್ಡ್‌ನಲ್ಲಿ 3ರಿಂದ 9 ಮಕ್ಕಳು, ಹತ್ತು ತುಂಬಿದರೆ ದೊಡ್ಡವರು. ಹತ್ತು ವರ್ಷದ ಒಂದೇ ಮಗುವಿಗೆ ಮೂರು ಕಡೆ ಮೂರು ಲೆಕ್ಕ. ಫೋನ್ ಮಾಡುವ ಮುಂಚೆ ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ಅಳೆದುಕೊಳ್ಳಿ. 4 ಅಡಿ 7 ಇಂಚು ಎಂದರೆ 139.7 ಸೆಂ.ಮೀ., ಬಿಡದಿಯಲ್ಲಿ ಗಡಿರೇಖೆಯೇ ಅದು.

ಇನ್ನು ಸೇವೆಗಳ ವಿಷಯ. ಈ ಎರಡು ಜಿಲ್ಲೆಯವರ ಕೈಗೆ ಸಿಗುವುದು ಮುಖ್ಯವಾಗಿ ಮೂರು ಬಗೆ: ಊರಿನ ಟ್ರಾವೆಲ್ಸ್, ದೊಡ್ಡ ಕಂಪನಿಗಳ ರೆಡಿಮೇಡ್ ಪ್ಯಾಕೇಜ್, ಮತ್ತು ಫೋನಿನಲ್ಲೇ ಮಾತಾಡಿ ದಿನಚರಿ ಮಾತ್ರ ಬರೆದುಕೊಡುವ ಪ್ಲಾನರ್‌ಗಳು.

ಊರಿನ ಟ್ರಾವೆಲ್ಸ್‌ನವರ ಬಲ ಗಾಡಿ ಮತ್ತು ಡ್ರೈವರ್. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಾಗಿಲಿಗೆ ಬಂದು ನಿಲ್ಲುವ ವಿಷಯದಲ್ಲಿ ಇವರನ್ನು ಮೀರಿಸುವವರಿಲ್ಲ. ಅವರ ಪ್ಯಾಕೇಜಿನಲ್ಲಿ ‘ಪ್ಲಾನಿಂಗ್’ ಪಾಲು ಎಷ್ಟೆಂದು ತಿಳಿಯಲು ಬಿಡಿಬಿಡಿಯಾಗಿ ಕೂಡಿ ನೋಡಬೇಕು. ಹಾಸನದಿಂದ ನೆಲಮಂಗಲ, ನೈಸ್ ರಸ್ತೆ, ಮೈಸೂರು ರಸ್ತೆ ಹಿಡಿದು ಬಿಡದಿಗೆ ಹೋಗಿ ಬರಲು 400 ಕಿ.ಮೀ. ಆಸುಪಾಸು, ಚಿಕ್ಕಮಗಳೂರಿನಿಂದಾದರೆ ಇನ್ನೂ 120 ಸೇರಿಸಿ. ಕಿ.ಮೀ.ಗೆ 20 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಹಾಸನದವರಿಗೆ 8,000, ಚಿಕ್ಕಮಗಳೂರಿನವರಿಗೆ 10,400. ಅದಕ್ಕೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್, ಪಾರ್ಕಿನ ಜಾಲತಾಣದಲ್ಲಿ ಅದೇ ದಿನಕ್ಕೆ ತೋರಿಸುವ ಟಿಕೆಟ್ ದರ ಸೇರಿಸಿ. ಟಿಕೆಟ್ ದರ ವಾರದ ದಿನಕ್ಕೂ ರಜಾದಿನಕ್ಕೂ ಬೇರೆ, ಆದ್ದರಿಂದ ಹೋಗುವ ತಾರೀಕನ್ನೇ ಹಾಕಿ ನೋಡಬೇಕು. ಅವರು ಹೇಳಿದ ಮೊತ್ತದಲ್ಲಿ ಇದನ್ನು ಕಳೆದರೆ ಉಳಿಯುವುದೇ ಅವರ ಫೀ. ಕಿ.ಮೀ. ಎಣಿಕೆ ನಿಮ್ಮ ಮನೆಯಿಂದಲೋ ಅವರ ಶೆಡ್‌ನಿಂದಲೋ ಎಂದು ಮೊದಲೇ ಕೇಳಿ. ಮೂಡಿಗೆರೆ, ಸಕಲೇಶಪುರ ಕಡೆಯ ಎಸ್ಟೇಟಿಗೆ ಗಾಡಿ ಕರೆಸುವವರಿಗೆ ಬಿಲ್ಲು ಉಬ್ಬುವುದು ಇಲ್ಲೇ. ಹಳದಿ ಬೋರ್ಡ್ ಇಲ್ಲದ ಗಾಡಿ ಕಳಿಸುತ್ತೇವೆಂದರೆ ಬೇಡವೆನ್ನಿ. ಸ್ವಂತ ಬಳಕೆಯ ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಓಡುವಾಗ ಅಪಘಾತವಾದರೆ ವಿಮೆ ಕಂಪನಿ ಕೈ ತೊಳೆದುಕೊಳ್ಳಲು ಅದೊಂದೇ ಕಾರಣ ಸಾಕು.

ಇವರ ದೌರ್ಬಲ್ಯ ಶುರುವಾಗುವುದು ಪಾರ್ಕಿನ ಗೇಟಿನ ಒಳಗೆ. ಅಲ್ಲಿಂದಾಚೆ ಅವರ ಕಾಗದದಲ್ಲಿ ‘ಇಡೀ ದಿನ ಎಂಜಾಯ್’ ಎಂದಷ್ಟೇ ಇರುತ್ತದೆ. ದಿನ ಹಾಳಾಗುವುದು ಒಳಗೇ. ಬಿಡದಿಯ ವಂಡರ್‌ಲಾ 2005ರಿಂದ ನಡೆಯುತ್ತಿರುವ ಪಾರ್ಕು. ಅಲ್ಲಿಗೆ ಹೋದ ಕುಟುಂಬಗಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಮಕ್ಕಳು ಹಟ ಮಾಡಿದರೆಂದು ಮೊದಲು ನೀರಿಗೆ ಇಳಿಯುವುದು. ಮೈ ಒದ್ದೆಯಾದ ಮೇಲೆ ಒಣ ರೈಡುಗಳಿಗೆ ಹೋಗಬೇಕೆಂದರೆ ಬಟ್ಟೆ ಬದಲಿಸಬೇಕು, ಲಾಕರ್ ತೆಗೆಯಬೇಕು. ಅಷ್ಟರಲ್ಲಿ ಮಧ್ಯಾಹ್ನವಾಗಿ ದೊಡ್ಡ ರೈಡುಗಳ ಸಾಲು ಹನುಮಂತನ ಬಾಲವಾಗಿರುತ್ತದೆ. ಗೇಟು ತೆರೆದ ಕೂಡಲೇ ರಿಕಾಯಿಲ್‌ನಂಥ ಎತ್ತರದ ಒಣ ರೈಡು, ಸಾಲು ಬೆಳೆಯುವ ಮುಂಚೆ ಅಂಥವೇ ಇನ್ನೆರಡು ಮೂರು, ಎಲ್ಲರಿಗಿಂತ ಮುಂಚೆ ಊಟ, ಆಮೇಲೆ ಸಂಜೆವರೆಗೆ ನೀರು. ಈ ಕ್ರಮ ಇಟ್ಟುಕೊಂಡರೆ ಹೆಚ್ಚು ದರದ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಸಾಮಾನ್ಯ ದಿನಗಳಲ್ಲಿ ಬೇಕಾಗುವುದಿಲ್ಲ. ನೀರಿಗೆ ನೈಲಾನ್ ಅಥವಾ ಪಾಲಿಸ್ಟರ್ ಬಟ್ಟೆಯೇ ಬೇಕು. ಸೀರೆ, ಹತ್ತಿಯ ಚೂಡಿದಾರ್, ಜೀನ್ಸ್ ನಡೆಯುವುದಿಲ್ಲ. ಊರಿನಿಂದಲೇ ಕೊಂಡು ಹೋಗದಿದ್ದರೆ ಒಳಗಿನ ಅಂಗಡಿಯಲ್ಲಿ ಕೊಳ್ಳಬೇಕು. ಹೊರಗಿನ ತಿಂಡಿಗೂ ಪ್ರವೇಶವಿಲ್ಲ. ಪುಳಿಯೋಗರೆ, ಚಕ್ಕುಲಿ ಡಬ್ಬಗಳನ್ನು ಗಾಡಿಯಲ್ಲೇ ಬಿಟ್ಟು, ವಾಪಸು ಬರುವಾಗ ತಿನ್ನಲು ಇಟ್ಟುಕೊಳ್ಳಿ.

ಯಾವ ದಿನ ಹೋಗಬೇಕೆಂಬ ಸಲಹೆಯಲ್ಲೂ ಪ್ಲಾನರ್‌ನ ಗುಣ ಗೊತ್ತಾಗುತ್ತದೆ. ‘ವೀಕ್‌ಡೇ ಹೋಗಿ, ಖಾಲಿ ಇರುತ್ತೆ’ ಎನ್ನುವುದು ಎಲ್ಲ ತಿಂಗಳಿಗೂ ಒಪ್ಪುವ ಮಾತಲ್ಲ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುವುದೇ ವಾರದ ನಡುವೆ. ಕಾಫಿ ಕೊಯ್ಲಿನವರಿಗಂತೂ ಆ ತಿಂಗಳುಗಳಲ್ಲಿ ತೋಟ ಬಿಟ್ಟು ಕದಲಲು ಆಗದು: ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಬಂದಿರುತ್ತದೆ. ಏಪ್ರಿಲ್‌, ಮೇ ರಜೆಯಲ್ಲಿ ರಾಜ್ಯವೇ ಅಲ್ಲಿರುತ್ತದೆ. ಶಾಲೆ ಶುರುವಾದ ಮೇಲೆ ಜೂನ್, ಜುಲೈನಲ್ಲಿ ಒಂದೆರಡು ದಿನ ರಜೆ ಹಾಕಿಸಿ ಹೋಗುವುದು ಮಲೆನಾಡಿನವರಿಗೆ ಒಳ್ಳೆಯ ಹೊತ್ತು. ಇಲ್ಲಿ ಜಡಿಮಳೆ ಹಿಡಿದಿರುವಾಗ ಬಿಡದಿಯಲ್ಲಿ ಬರೀ ಮೋಡ ಇರುವುದೂ ಉಂಟು. ಹೇಗಿದ್ದರೂ ನೀರಲ್ಲಿ ನೆನೆಯುವವರಿಗೆ ತುಂತುರು ಮಳೆ ಲೆಕ್ಕಕ್ಕಿಲ್ಲ, ಗುಡುಗು ಮಿಂಚು ಬಂದರೆ ಮಾತ್ರ ಎತ್ತರದ ರೈಡು ನಿಲ್ಲಿಸುತ್ತಾರೆ.

ದಾರಿಯ ಬಗ್ಗೆ ಒಂದು ಮಾತು. ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾದ ಮೇಲೆ ಮುಖ್ಯ ರಸ್ತೆಯಲ್ಲೇ ಹೋಗುತ್ತಿದ್ದರೆ ಬೇಕಾದಲ್ಲಿ ಇಳಿಯಲು ಆಗುವುದಿಲ್ಲ. ಪಾರ್ಕಿನ ತಿರುವಿಗೆ ಸರ್ವಿಸ್ ರಸ್ತೆಯಲ್ಲಿರಬೇಕು. ಹಳೇ ಡ್ರೈವರ್‌ಗಳೂ ಇದರಲ್ಲಿ ತಪ್ಪುತ್ತಾರೆ. ನೆಲಮಂಗಲದ ದಟ್ಟಣೆ ಬೇಡವೆಂದರೆ ಕುಣಿಗಲ್ ಬಳಿ ಹೆದ್ದಾರಿ ಬಿಟ್ಟು ಮಾಗಡಿ ಮೇಲೆ ಇಳಿಯಬಹುದು. ಚಿಕ್ಕಮಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರುವ ಪ್ಲಾನನ್ನು ಯಾರು ಕೊಟ್ಟರೂ ತಳ್ಳಿಹಾಕಿ. ಹೋಗುವಾಗ ಐದು ಗಂಟೆ, ಬರುವಾಗ ಐದು ಗಂಟೆ ಗಾಡಿಯಲ್ಲಿ, ನಡುವೆ ಆರೇಳು ಗಂಟೆ ಪಾರ್ಕು: ಮಕ್ಕಳಿರಲಿ, ಡ್ರೈವರೇ ತೂಕಡಿಸುತ್ತಾನೆ. ಹಿಂದಿನ ರಾತ್ರಿ ಬಿಡದಿಯಲ್ಲೋ ರಾಮನಗರದಲ್ಲೋ ತಂಗುವುದೇ ಸರಿ.

ಒಟ್ಟಿನಲ್ಲಿ ಬಿಡದಿಗೆ ಪ್ಲಾನಿಂಗ್ ಫೀ ಕೊಡುವ ಅಗತ್ಯವಿಲ್ಲ. ಗಾಡಿ ಊರಿನವರದ್ದು, ಟಿಕೆಟ್ ಪಾರ್ಕಿನ ಜಾಲತಾಣದಲ್ಲಿ ನೀವೇ ತೆಗೆದದ್ದು, ಅಷ್ಟು ಸಾಕು. ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿಗಂತೂ ಹಾಸನದವರು ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಸ್ವಂತ ಕಾರಲ್ಲಿ ಹೋಗಿ ಸಂಜೆಗೆ ವಾಪಸಾಗಬಹುದು. ಅದಕ್ಕೆ ಪ್ಯಾಕೇಜ್ ಮಾರುವವರಿದ್ದರೆ ಅವರ ಧೈರ್ಯ ಮೆಚ್ಚಬೇಕು.

ಸಿಂಗಪುರಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಭಾರತೀಯರಿಗೆ ವೀಸಾ ಬೇಕು, ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆಂಬುದು ದೊಡ್ಡವರಿಗೆ ಮರೆತುಹೋಗಿ ವಿಮಾನದ ಟಿಕೆಟ್ ತೆಗೆದ ಮೇಲೆ ನೆನಪಾಗುತ್ತದೆ. ವೀಸಾ, ವಿಮಾನ, ಹೋಟೆಲ್ ಈ ಮೂರನ್ನು ದೊಡ್ಡ ಕಂಪನಿಗಳ ಪ್ಯಾಕೇಜ್ ಅಚ್ಚುಕಟ್ಟಾಗಿ ಮಾಡುತ್ತದೆ. ಪಾರ್ಕಿನ ದಿನವನ್ನು ಮಾತ್ರ ಕಾಟಾಚಾರಕ್ಕೆ ಮುಗಿಸುತ್ತದೆ. ಅವರ ಕಾಗದದಲ್ಲಿ ‘ಸೀಟ್ ಇನ್ ಕೋಚ್’ ಎಂದಿದ್ದರೆ ಹಲವು ಹೋಟೆಲುಗಳಿಂದ ಜನರನ್ನು ಹೆಕ್ಕಿಕೊಳ್ಳುತ್ತಾ ಹೋಗುವ ಬಸ್ಸು ಎಂದರ್ಥ. ನೀವು ಪಾರ್ಕಿರುವ ಸೆಂಟೋಸಾ ದ್ವೀಪ ಮುಟ್ಟುವಷ್ಟರಲ್ಲಿ ಸಾಲು ಕಡಿಮೆಯಿರುವ ಮೊದಲ ಗಂಟೆ ಕಳೆದಿರುತ್ತದೆ. ಸಂಜೆ ಜನ ಕರಗಿ ರೈಡು ಬೇಗ ಸಿಗುವ ಹೊತ್ತಿಗೆ ಅದೇ ಬಸ್ಸು ವಾಪಸು ಕರೆಯುತ್ತದೆ. ಆ ಒಂದು ದಿನದ ಬಸ್ಸನ್ನು ಪ್ಯಾಕೇಜಿನಿಂದ ತೆಗೆಸಿ. ವಿವೋಸಿಟಿ ಮಾಲ್‌ನಿಂದ ಸೆಂಟೋಸಾ ಎಕ್ಸ್‌ಪ್ರೆಸ್ ರೈಲು ಹತ್ತಿ ಗೇಟು ತೆರೆಯುವ ಮುಂಚೆ ಹೋಗಿ ನಿಲ್ಲಿ.

ದಿನಚರಿ ಬರೆಯುವ ಪ್ಲಾನರ್‌ಗೆ ದುಡ್ಡು ಕೊಟ್ಟದ್ದು ಇಲ್ಲಿ ದಕ್ಕುತ್ತದೆ, ಅದರಲ್ಲೂ ಬೇರೆ ಬೇರೆ ಎತ್ತರದ ಮಕ್ಕಳಿದ್ದರೆ. ಟ್ರಾನ್ಸ್‌ಫಾರ್ಮರ್ಸ್ ರೈಡಿಗೆ 102 ಸೆಂ.ಮೀ., ಮಮ್ಮಿ ರೈಡಿಗೆ 122, ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾಗೆ 125 ಬೇಕು. 128ರ ಅಕ್ಕ, 105ರ ತಮ್ಮ ಇರುವ ಮನೆಯಲ್ಲಿ ಯಾರು ಯಾವಾಗ ಯಾರ ಜೊತೆ ಎಂದು ಬರೆದಿಟ್ಟಿರದಿದ್ದರೆ ಅಪ್ಪ ಅಮ್ಮನ ಜಗಳದಲ್ಲೇ ಅರ್ಧ ದಿನ ಹೋಗುತ್ತದೆ. ಒಬ್ಬರು ಚಿಕ್ಕದರ ಜೊತೆ ಹೊರಗೆ ಕಾದು, ಮತ್ತೊಬ್ಬರು ಇಳಿದ ಮೇಲೆ ಮತ್ತೆ ಪೂರ್ತಿ ಸಾಲು ನಿಲ್ಲದೆ ಹತ್ತುವ ಅದಲುಬದಲಿನ ವ್ಯವಸ್ಥೆ ಇದೆ. ಒಳ್ಳೆಯ ಪ್ಲಾನಿನಲ್ಲಿ ಅದನ್ನು ಎಲ್ಲಿ ಬಳಸಬೇಕೆಂದು ರೈಡಿನ ಹೆಸರು ಹಾಕಿ ಬರೆದಿರುತ್ತಾರೆ. ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಯಾರ್ಯಾರಿಗೆ ಬೇಕೆಂಬುದೂ ಅಲ್ಲೇ ತೀರ್ಮಾನವಾಗುತ್ತದೆ: ದೊಡ್ಡ ರೈಡು ಹತ್ತಲಾಗದ ಚಿಕ್ಕವನಿಗೂ, ಹತ್ತಲು ಒಲ್ಲದ ಅಜ್ಜಿಗೂ ಪಾಸ್ ಕೊಳ್ಳಿಸುವ ಪ್ಲಾನರ್ ನಿಮ್ಮ ಕಡೆಯವನಲ್ಲ.

ಮಾದರಿ ಪ್ಲಾನ್ ಒಂದನ್ನು ಕೇಳಿ ತರಿಸಿಕೊಂಡು ಅದು ಹಳಸಲೋ ಅಲ್ಲವೋ ನೋಡಿ. ಸಿಂಗಪುರದ ಪ್ಲಾನಿನಲ್ಲಿ ಇನ್ನೂ ಮಡಗಾಸ್ಕರ್ ವಲಯ ಕಂಡರೆ ಅದು ಹಳೇ ಕಾಗದ. ಆ ಜಾಗದಲ್ಲಿ 2025ರ ಫೆಬ್ರವರಿಯಿಂದ ಮಿನಿಯನ್ ಲ್ಯಾಂಡ್ ಇದೆ. ಒರ್ಲ್ಯಾಂಡೊ ಪ್ಲಾನಿನಲ್ಲಿ ಫಾಸ್ಟ್‌ಪಾಸ್, ಜೀನಿ ಪ್ಲಸ್ ಎಂಬ ಹೆಸರುಗಳಿದ್ದರೂ ಅಷ್ಟೇ. 2024ರ ಜುಲೈನಿಂದ ಸಾಲು ತಪ್ಪಿಸಲು ಅಲ್ಲಿರುವುದು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಮತ್ತು ಸಿಂಗಲ್ ಪಾಸ್. ‘ಅರೈವಲ್ ಕಾರ್ಡ್ ಚಾರ್ಜ್’ ಎಂಬ ಸಾಲು ಬಿಲ್ಲಿನಲ್ಲಿದ್ದರೆ ಹೊಡೆಸಿಹಾಕಿ: ಸಿಂಗಪುರದ ಅರೈವಲ್ ಕಾರ್ಡ್ ಸರ್ಕಾರಿ ಜಾಲತಾಣದಲ್ಲಿ ಉಚಿತ, ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಬೇಕು.

ಮಗನೋ ಮಗಳೋ ಅಮೆರಿಕದಲ್ಲಿದ್ದು, ಹಾಸನದಿಂದ ಅಜ್ಜ ಅಜ್ಜಿ ಹೋದಾಗ ಎಲ್ಲರೂ ಸೇರಿ ಒರ್ಲ್ಯಾಂಡೊಗೆ ಹೊರಡುವ ಮನೆಗಳು ಈಗ ಬೇಕಾದಷ್ಟಿವೆ. ಡಿಸ್ನಿಯದೇ ನಾಲ್ಕು ಪಾರ್ಕುಗಳಿರುವ ಊರು ಅದು, ಪ್ಲಾನರ್ ಬೇಕೇ ಬೇಕು. ಆದರೆ ಡಿಸ್ನಿಯ ಅಧಿಕೃತ ಏಜೆಂಟರಿಗೆ ಡಿಸ್ನಿಯೇ ಕಮಿಷನ್ ಕೊಡುತ್ತದೆ. ಹಲವರು ಗಿರಾಕಿಯಿಂದ ಬೇರೆ ಏನೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಬುಕಿಂಗ್‌ಗೆ ಫೀ ಕೇಳುವವರನ್ನು ‘ಯಾವುದಕ್ಕೆ?’ ಎಂದು ನೇರವಾಗಿ ಕೇಳಬಹುದು. ಫೀ ಸಲ್ಲುವುದು ಲೈಟ್ನಿಂಗ್ ಲೇನ್ ಹಿಡಿಯುವ ಕೆಲಸಕ್ಕೆ. ಡಿಸ್ನಿ ಹೋಟೆಲಿನಲ್ಲಿ ತಂಗುವವರಿಗೆ ತಂಗುವ ದಿನಕ್ಕೆ ಏಳು ದಿನ ಮುಂಚೆ, ಉಳಿದವರಿಗೆ ಪಾರ್ಕಿಗೆ ಹೋಗುವ ದಿನಕ್ಕೆ ಮೂರು ದಿನ ಮುಂಚೆ, ಅಲ್ಲಿನ ಬೆಳಗ್ಗೆ 7ಕ್ಕೆ ಅದು ತೆರೆಯುತ್ತದೆ. ನಮ್ಮಲ್ಲಿ ಆಗ ಬೇಸಿಗೆ ತಿಂಗಳುಗಳಲ್ಲಿ ಸಂಜೆ 4.30, ಚಳಿಗಾಲದಲ್ಲಿ 5.30. ಆ ಹೊತ್ತಿಗೆ ಯಾರು ಕೂತು ಒತ್ತುತ್ತಾರೆ, ಕೇಳಿದ ರೈಡು ಸಿಗದಿದ್ದರೆ ಮುಂದಿನದು ಯಾವುದು, ಇವೆರಡಕ್ಕೂ ತಡವರಿಸದೆ ಉತ್ತರ ಕೊಡುವವರಿಗೆ ಫೀ ಕೊಡಿ.

ಹಣ ಕಟ್ಟುವಾಗ ತೆರಿಗೆಯ ಸಾಲುಗಳನ್ನು ಓದಿ. ಟೂರ್ ಪ್ಯಾಕೇಜಿಗೆ ಜಿಎಸ್‌ಟಿ ಶೇ. 5, ಬರೀ ಸಲಹೆಯ ಫೀ ಆದರೆ ಶೇ. 18. ವರ್ಷದ ವಹಿವಾಟು 20 ಲಕ್ಷದೊಳಗಿನ ಸಣ್ಣ ಪ್ಲಾನರ್‌ಗಳು ನೋಂದಣಿ ಮಾಡಿಸಿಕೊಂಡಿರಬೇಕೆಂದಿಲ್ಲ, ಆದರೆ ಜಿಎಸ್‌ಟಿ ನಂಬರ್ ಇಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ವಿದೇಶಿ ಪ್ಯಾಕೇಜಿಗೆ ಟಿಸಿಎಸ್, ಅಂದರೆ ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿ ಆದಾಯ ತೆರಿಗೆ ಜಾಲತಾಣದ ನಿಮ್ಮ ತೆರಿಗೆ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು. ರಿಟರ್ನ್ಸ್ ಹಾಕುವವರ ಪ್ಯಾನ್ ಹೆಸರಿನಲ್ಲೇ ಬುಕ್ ಮಾಡಿಸಿ. ಮನೆಯಲ್ಲಿ ತೆರಿಗೆ ವ್ಯವಹಾರವೇ ಇಲ್ಲದ ಹಿರಿಯರ ಪ್ಯಾನ್ ಕೊಟ್ಟರೆ ಆ ಹಣ ವಾಪಸು ಪಡೆಯಲೆಂದೇ ಅವರು ರಿಟರ್ನ್ಸ್ ಹಾಕಬೇಕಾಗುತ್ತದೆ.

ಮುಂಗಡವನ್ನು ಮಾಲೀಕರ ಸ್ವಂತ ಯುಪಿಐಗೆ ಹಾಕದೆ ಅಂಗಡಿಯ ಹೆಸರಿನ ಖಾತೆಗೆ ಹಾಕಿ, ರಸೀದಿ ಪಡೆಯಿರಿ. ಪಾರ್ಕಿನ ಟಿಕೆಟ್ ಸ್ಕ್ರೀನ್‌ಶಾಟ್ ಆಗಿ ಬಂದರೆ ಸಾಲದು, ಬುಕಿಂಗ್ ನಂಬರ್ ಇರುವ ಮೂಲ ಮೇಲ್ ನಿಮಗೆ ಬರಬೇಕು. ಪ್ಲಾನಿಂಗ್ ಫೀಯಲ್ಲಿ ಅರ್ಧವನ್ನು ಪ್ಲಾನ್ ಕೈಗೆ ಬಂದಾಗ, ಉಳಿದರ್ಧ ಪಾರ್ಕಿನ ದಿನ ಮುಗಿದ ಮೇಲೆ ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಆ ದಿನ ರೈಡು ಕೆಟ್ಟರೆ ಫೋನ್ ಎತ್ತಿ ಬದಲಿ ಹೇಳುವುದು ಫೀಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೂ ಬರೆಸಿ. ಕೊಟ್ಟ ಮಾತು ತಪ್ಪಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. 2019ರ ಗ್ರಾಹಕ ಕಾಯ್ದೆಯ ಪ್ರಕಾರ, ಕಂಪನಿ ಬೆಂಗಳೂರಿನದ್ದೋ ಮುಂಬೈಯದ್ದೋ ಆಗಿದ್ದರೂ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದಾವೆ ಹೂಡಬಹುದು, ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ.