ಕೂಲರ್ ಜೋರು, ಗೆಳೆಯ ಮೆಲ್ಲಗೆ: ಅಪ್‌ಡೇಟ್ ಆದಮೇಲೆ ಕೆಟ್ಟ ಸೌಂಡಿಗೆ ನಾನು ನೋಡಿದ ಉಪಾಯಗಳು

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ರಾತ್ರಿ ಒಂಬತ್ತೂವರೆ ಆದರೂ ಗೋಡೆ ಮುಟ್ಟಿದರೆ ಬಿಸಿ. ಕೂಲರ್ ಇಲ್ಲದೆ ಕೂರೋಕೆ ಆಗಲ್ಲ. ನಮ್ಮ ನಾಲ್ವರ ವಾಯ್ಸ್ ಚಾಟ್ ಶುರುವಾಗೋದು ಅದೇ ಹೊತ್ತಿಗೆ. ನಾನು ಇಲ್ಲಿ, ಒಬ್ಬ ಗೆಳೆಯ ಬೀದರ್‌ನಲ್ಲಿ, ಇನ್ನೊಬ್ಬ ಶಹಾಬಾದ್‌ನಲ್ಲಿ, ನಮ್ಮ ದೊಡ್ಡಮ್ಮನ ಮಗಳು ಯಾದಗಿರಿಯಲ್ಲಿ. ಎಲ್ಲರೂ ಸರ್ಕಾರಿ ನೌಕರಿ ಪರೀಕ್ಷೆಗೆ ಓದುವವರು. ಒಬ್ಬರು ಪ್ರಶ್ನೆ ಕೇಳೋದು, ಉಳಿದವರು ಉತ್ತರ ಹೇಳೋದು.

ಒಂದು ದಿನ ಆ್ಯಪ್ ತಾನಾಗಿಯೇ ಅಪ್‌ಡೇಟ್ ಆಯಿತು. ಅವತ್ತು ಅಕ್ಕ ಕೇಳಿದಳು: "ಸಂವಿಧಾನದ 371ಜೆ ಕಲಂ ಬಂದಿದ್ದು ಯಾವ ತಿದ್ದುಪಡಿಯಿಂದ?" ಬೀದರ್‌ನಿಂದ ಬಂದ ಉತ್ತರ ಇಷ್ಟೇ: "...ತ್ತೆಂಟು." ಇಪ್ಪತ್ತೆಂಟಾ? ಎಪ್ಪತ್ತೆಂಟಾ? ತೊಂಬತ್ತೆಂಟಾ? ನಮ್ಮ ಭಾಷೆಯಲ್ಲಿ ಸಂಖ್ಯೆಯ ತಲೆ ಹಾರಿಹೋದರೆ ಬಾಲ ನೋಡಿ ಏನೂ ಹೇಳೋಕಾಗಲ್ಲ. "ತೊಂಬತ್ತೆಂಟು ಅಂತ ಹೇಳ್ಲತೀನಲ್ಲೋ ಮಾರಾಯಾ" ಎಂದು ಅವನು ಕೂಗಿದ. ಅದೂ ಬಾವಿಯೊಳಗಿಂದ ಬಂದ ಹಾಗಿತ್ತು. ಶಹಾಬಾದ್‌ನವನ ದನಿ ಮಾತ್ರ ಕಿವಿಯ ತಮಟೆ ಹರಿಯುವಷ್ಟು ಜೋರು.

ಆ್ಯಪಿನ ಹೆಸರು ಬೇಡ. ಇಂಥ ಹಲವು ಆ್ಯಪ್‌ಗಳಲ್ಲಿ ಈ ಸೆಟ್ಟಿಂಗ್‌ಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಹತ್ತು ದಿನ ಒಂದೊಂದನ್ನೇ ಹಚ್ಚಿ ನೋಡಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬೀದರ್‌ನವನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಅವನ ವಾಲ್ಯೂಮ್ ಗೆರೆಯನ್ನು 200ಕ್ಕೆ ಎಳೆದೆ. ಶಹಾಬಾದ್‌ನವನದನ್ನು 60ಕ್ಕೆ ಇಳಿಸಿದೆ. ಇಳಿಸಿದ್ದು ಚೆನ್ನಾಗಿ ಕೆಲಸ ಮಾಡಿತು. ಏರಿಸಿದ್ದು ಮಾಡಲಿಲ್ಲ. ಅವನ ದನಿಯ ಜೊತೆ ಅವನ ಕೂಲರೂ ಏರಿತು, ಕೊನೆಗೆ ಕೂಲರೇ ಉತ್ತರ ಹೇಳುತ್ತಿದೆಯೇನೋ ಅನ್ನಿಸಿತು. ಸದ್ದಿನ ಅಲೆಯ ಎತ್ತರ ಎರಡು ಪಟ್ಟಾದರೆ ಏರೋದು ಸುಮಾರು 6 ಡೆಸಿಬೆಲ್ (ಸದ್ದು ಅಳೆಯುವ ಮಾನ). ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಬೇಕು. ಇನ್ನೊಂದು ತೊಂದರೆ, ನಾನು ಏರಿಸಿದ್ದು ನನಗಷ್ಟೇ. ಅಕ್ಕನಿಗೆ ಬೇಕಾದರೆ ಅವಳೂ ಏರಿಸಿಕೊಳ್ಳಬೇಕು.

ಎರಡನೆಯದು ವಿಂಡೋಸ್ ಕಡೆಯ ರಿಪೇರಿ. ಇದು ಬೇರೆಯೇ ಕಾಯಿಲೆಗೆ ಮದ್ದು ಅಂತ ಆಮೇಲೆ ಗೊತ್ತಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಕ್ಲಾಸಿನ ವಿಡಿಯೊ ಹಾಕಿ ಚಾಟ್‌ಗೆ ಸೇರಿದರೆ ಸಾಕು, ವಿಡಿಯೊ ಸದ್ದು ಪಿಸುಮಾತಾಗುತ್ತಿತ್ತು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸೌಂಡ್ ತೆರೆದರೆ ಕೊನೆಯಲ್ಲಿ ಕಮ್ಯುನಿಕೇಷನ್ಸ್ ಅನ್ನೋ ಟ್ಯಾಬ್ ಇದೆ. ಕರೆ ಬಂದಾಗ ಉಳಿದ ಸದ್ದನ್ನು ಶೇ. 80 ಇಳಿಸು ಎಂದು ಅಲ್ಲಿ ಮೊದಲೇ ಗುರುತು ಹಾಕಿರುತ್ತದೆ. ಕೊನೆಯ ಆಯ್ಕೆ, ಅಂದರೆ 'ಏನೂ ಮಾಡಬೇಡ' ಅನ್ನೋದನ್ನು ಒತ್ತಿದೆ. ವಿಡಿಯೊ ಸರಿಯಾಯಿತು. ಬೀದರ್ ಮಾತ್ರ ಬಾವಿಯಲ್ಲೇ ಇತ್ತು.

ಆಗ ಹೊಳೆಯಿತು. ಮೂವರಿಗೂ ಅವನ ದನಿಯೇ ಕಮ್ಮಿ ಕೇಳುತ್ತಿದ್ದರೆ ಕೆಟ್ಟಿರೋದು ಅವನ ಕಡೆ, ಅಲ್ವಾ? ನಳಕ್ಕೆ ನೀರು ಬರದಿದ್ದಾಗ ಓಣಿಯವರನ್ನೆಲ್ಲ ಕೇಳ್ತೀವಿ. ಯಾರ ಮನೆಗೂ ಬಂದಿಲ್ಲ ಅಂದರೆ ನಮ್ಮ ನಳ ಬಿಚ್ಚಿ ಏನು ಉಪಯೋಗ? ಸುಮ್ನೆ ಎರಡು ದಿನ ನನ್ನ ಲ್ಯಾಪ್‌ಟಾಪ್ ಕೆದಕಿದ್ದೆ.

ಅವನಿಗೆ ಸೆಟ್ಟಿಂಗ್‌ನಲ್ಲಿ ಮೈಕ್ ಟೆಸ್ಟ್ ತೆರೆಯಲು ಹೇಳಿದೆ. "ಹೆಡ್‌ಫೋನಿನ ಮೈಕ್ ಮೇಲೆ ಉಗುರಿನಿಂದ ಬಡಿ" ಅಂದೆ. ಬಡಿದ. ಹಸಿರು ಪಟ್ಟಿ ಅಲುಗಲಿಲ್ಲ. "ಈಗ ಲ್ಯಾಪ್‌ಟಾಪಿನ ಮೇಲೆ ಬಡಿ." ಪಟ್ಟಿ ಟಣ್ಣನೆ ತುದಿಗೆ ಹಾರಿತು. ಅಪ್‌ಡೇಟ್ ಆದಾಗ ಆ್ಯಪ್ ಅವನ ಹೆಡ್‌ಫೋನಿನ ಮೈಕನ್ನು ಮರೆತು 'ಡೀಫಾಲ್ಟ್' ಹಿಡಿದುಕೊಂಡಿತ್ತು. ಹೆಡ್‌ಫೋನ್ ಹಾಕಿಕೊಂಡೇ ಅವನು ಇಷ್ಟು ದಿನ ಎರಡು ಅಡಿ ದೂರದ ಲ್ಯಾಪ್‌ಟಾಪ್ ಮೈಕಿಗೆ ಮಾತಾಡುತ್ತಿದ್ದ. ಅದರ ಪಕ್ಕದಲ್ಲೇ ಕೂಲರ್. ಇನ್‌ಪುಟ್ ಪಟ್ಟಿಯಲ್ಲಿ ಹೆಡ್‌ಫೋನನ್ನು ಹೆಸರು ಹಿಡಿದು ಆರಿಸಿದ ಮೇಲೆ ದನಿ ಮನೆಯೊಳಗೆ ಬಂತು.

ಆದರೂ ಮಾತಿನ ತಲೆ ಹಾರೋದು ನಿಲ್ಲಲಿಲ್ಲ. ಅದು ಸೆನ್ಸಿಟಿವಿಟಿಯ ಕೆಲಸ. ಸದ್ದು ಒಂದು ಮಟ್ಟ ದಾಟಿದ ಮೇಲೆಯೇ ಮೈಕ್ ಬಾಗಿಲು ತೆಗೆಯುತ್ತದೆ. ಅದು ಆಟೊಮ್ಯಾಟಿಕ್‌ನಲ್ಲಿದ್ದರೆ, ಕೂಲರ್ ಜೋರಿದ್ದಷ್ಟೂ ಆ ಮಟ್ಟ ಮೇಲೇರುತ್ತದೆ. 'ತೊಂಬ' ಅನ್ನೋವಷ್ಟರಲ್ಲಿ ಬಾಗಿಲು ಇನ್ನೂ ಮುಚ್ಚೇ ಇರುತ್ತದೆ, 'ತ್ತೆಂಟು'ಗೆ ತೆರೆಯುತ್ತದೆ. ಆಟೊ ತೆಗೆದು ಕೈಯಿಂದ ಇಟ್ಟೆವು. ಬಾಯಿ ಮುಚ್ಚಿ, ಕೂಲರ್ ಒಂದನ್ನೇ ಓಡಿಸಿ, ಪಟ್ಟಿ ಎಲ್ಲಿವರೆಗೆ ಬರುತ್ತದೆ ನೋಡಿ, ಅದಕ್ಕಿಂತ ಕೂದಲೆಳೆ ಮೇಲೆ ಗೆರೆ ಇಟ್ಟೆವು. ಸಂಖ್ಯೆಗಳಿಗೆ ತಲೆ ವಾಪಸ್ ಬಂತು.

ಶಹಾಬಾದ್‌ನವನದು ಉಲ್ಟಾ. ಅವನ ಆಟೊಮ್ಯಾಟಿಕ್ ಗೇನ್ ಕಂಟ್ರೋಲ್ ಆಫ್ ಆಗಿತ್ತು. ಮೆಲ್ಲಗಿನ ದನಿ ಎತ್ತೋದು, ಜೋರಿನದನ್ನು ತಗ್ಗಿಸೋದು ಅದರ ಕೆಲಸ. ಆನ್ ಮಾಡಿದ, ಎಲ್ಲರ ಕಿವಿ ಉಳಿಯಿತು. ಬೀದರ್‌ನವನಿಗೆ ಅದನ್ನೇ ಆನ್ ಮಾಡಿದರೆ ಅವನು ಸುಮ್ಮನಿದ್ದಾಗ ಅದು ಕೂಲರನ್ನೇ ಮೇಲೆತ್ತುತ್ತದೆ, ಹಾಗಾಗಿ ಅವನದು ಆಫ್. ಒಬ್ಬನಿಗೆ ಹಾಕಿದ ಮದ್ದು ಇನ್ನೊಬ್ಬನಿಗೆ ಹಿಡಿಯಲ್ಲ.

ಅಕ್ಕನದು ಮೊಬೈಲ್, ಬ್ಲೂಟೂತ್ ಇಯರ್‌ಬಡ್. "ತಮ್ಮಾ, ಸೌಂಡ್ ಪೂರಾ ಏರ್ಸೀನಿ, ಆದ್ರೂ ಕೇಳ್ಸವಲ್ದು" ಎನ್ನುತ್ತಿದ್ದಳು. ಆಂಡ್ರಾಯ್ಡ್‌ನಲ್ಲಿ ಹಾಡಿನ ವಾಲ್ಯೂಮ್ ಬೇರೆ, ಕರೆಯ ವಾಲ್ಯೂಮ್ ಬೇರೆ. ಅವಳು ಚಾಟ್ ಸೇರುವ ಮೊದಲೇ ಬಟನ್ ಒತ್ತಿ ಹಾಡಿನದನ್ನು ಏರಿಸುತ್ತಿದ್ದಳು. ಸೇರಿದ ಮೇಲೆ ಒತ್ತಿದಾಗ ಕರೆಯದು ಏರಿತು. ಆದರೂ ದನಿ ಡಬ್ಬದೊಳಗಿನದರಂತೆ. ಸಾಮಾನ್ಯವಾಗಿ ಬ್ಲೂಟೂತಿನಲ್ಲಿ ಮೈಕ್ ಬಳಸಿದ ಕೂಡಲೇ ಅದು ಹಾಡಿನ ದಾರಿ ಬಿಟ್ಟು ಫೋನ್ ಮಾತಿನ ದಾರಿಗೆ ಇಳಿಯುತ್ತದೆ. ಅಲ್ಲಿ ಸ್ಯಾಂಪಲಿಂಗ್, ಅಂದರೆ ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುತ್ತದೆ ಅನ್ನೋದು, 8 ಇಲ್ಲವೇ 16 ಕಿಲೋಹರ್ಟ್ಸ್ (ಸಾವಿರ ಸಲ). ಹಾಡಿಗೆ 44.1 ಇರುತ್ತದೆ. ಇದು ಅಪ್‌ಡೇಟಿನ ತಪ್ಪೇ ಅಲ್ಲ, ನಾವು ಸುಮ್ನೆ ಬೈದಿದ್ದು. ನಾನು ಸೂಪರ್ ಮಾರ್ಕೆಟ್‌ನಲ್ಲಿ 150 ರೂಪಾಯಿಗೆ ತಂದ ವೈರ್ ಇಯರ್‌ಫೋನ್ ಅವಳ ಸಾವಿರ ಚಿಲ್ಲರೆಯ ಇಯರ್‌ಬಡ್‌ಗಿಂತ ಮಾತಿಗೆ ಎಷ್ಟೋ ವಾಸಿ. ನಡೆದಾಡುತ್ತ ಓದುವವರಿಗೆ ಮಾತ್ರ ವೈರ್ ತಾಪತ್ರಯ.

ಆ್ಯಪ್ ತೆಗೆದು ಮತ್ತೆ ಹಾಕಿದ್ದರಿಂದ ಅರ್ಧ ಗಂಟೆ ಹೋಯಿತು, ನಾನು ಇಟ್ಟಿದ್ದ ಗೆರೆಗಳೂ ಹೋದವು. ಹಳೇ ವರ್ಷನ್ ಎಲ್ಲಿಂದಲೋ ಇಳಿಸಿಕೊಳ್ಳುವ ಸಲಹೆಯೂ ಬಂತು. ಬೇಡ ಅಂದೆ. ಯಾರು ಏನು ಸೇರಿಸಿ ಇಟ್ಟಿರುತ್ತಾರೋ.

ಮಂಬಲ್ ಅನ್ನೋ ಉಚಿತ ಆ್ಯಪ್ ಕೂಡ ನೋಡಿದೆವು. ಮೊದಲ ಸಲ ತೆರೆದಾಗಲೇ ಮೈಕ್, ಸ್ಪೀಕರ್, ಸೆನ್ಸಿಟಿವಿಟಿ ಎಲ್ಲವನ್ನೂ ಸಾಲಾಗಿ ಕೇಳಿ ಹೊಂದಿಸುತ್ತದೆ. ಈ ಒಂದು ವಿಷಯದಲ್ಲಿ ನಾನು ನೋಡಿದ್ದರಲ್ಲಿ ಇದೇ ಮೇಲು. ಒಬ್ಬೊಬ್ಬರ ದನಿಯನ್ನು ಡೆಸಿಬೆಲ್‌ನಲ್ಲೇ ಏರಿಳಿಸಬಹುದು. ಆದರೆ ಸರ್ವರ್ ಯಾವುದು, ಸರ್ಟಿಫಿಕೇಟ್ ಏನು ಅಂತ ಕೇಳಿದ ಕೂಡಲೇ ಅಕ್ಕ ಫೋನ್ ಪಕ್ಕಕ್ಕಿಟ್ಟಳು. ನಾಲ್ವರಲ್ಲಿ ಮೂವರು ಬಂದರೆ ಆಗಲ್ಲವಲ್ಲ. ವಾಪಸ್ ಬಂದೆವು.

ಈಗ ಅಪ್‌ಡೇಟ್ ಬಂದ ರಾತ್ರಿ ಮೊದಲ ಐದು ನಿಮಿಷ ಪ್ರಶ್ನೆ ಕೇಳಲ್ಲ, ಎಲ್ಲರೂ ಉಗುರಿನಿಂದ ಮೈಕ್ ಬಡಿಯುತ್ತೇವೆ. ಹಿನ್ನೆಲೆಯ ಸದ್ದು ಅಡಗಿಸುವ ನನ್ನ ನಾಯ್ಸ್ ಸಪ್ರೆಷನ್ನನ್ನು ಒಂದು ಹಂತ ಇಳಿಸಿದ್ದೇನೆ. ಜಾಸ್ತಿ ಇಟ್ಟರೆ ಅದು ನನ್ನ ಮಾತಿನ ಅಂಚನ್ನೂ ಕತ್ತರಿಸುತ್ತದೆ. ಕೂಲರ್ ಈಗಲೂ ಯಾರಿಗೂ ಕೇಳಲ್ಲ, ಅದರದು ಒಂದೇ ಸಮನೆ ಗೊರ್ ಅನ್ನೋ ಸದ್ದು, ಅಂಥದ್ದನ್ನು ಅಡಗಿಸೋದು ಸುಲಭ. ಆದರೆ ಒಳಗೆ ಅವ್ವ ರೊಟ್ಟಿ ಬಡಿಯೋದು ಟಪ್ ಟಪ್ ಅಂತ ನೇರ ಬೀದರ್‌ಗೆ ಹೋಗುತ್ತದೆ.

"ಏನಪಾ, ರೊಟ್ಟಿ ಸಪ್ಪಳ ಬರ್ಲತದ. ಇನ್ನಾ ಊಟ ಆಗಿಲ್ಲೇನು?" ಅಂತ ನಿನ್ನೆ ಕೇಳಿದ.